ಹೊರಗೋಡೆಗೆ ಸುಣ್ಣ, ನಡುಮನೆಗೆ ಕೆಮ್ಮಣ್ಣು

ಕೊರಟಗೆರೆಯಿಂದ ಮಧುಗಿರಿಗೆ, ಅಲ್ಲಿಂದ ಪಾವಗಡಕ್ಕೆ ಹೋಗುವ ರಸ್ತೆಯ ಇಕ್ಕೆಲದಲ್ಲಾಗಲಿ, ಶಿರಾ ಪೇಟೆಯ ಹೊಸ ಬಡಾವಣೆಗಳಲ್ಲಾಗಲಿ ಈಚಿನ ಹತ್ತು ಹದಿನೈದು ವರ್ಷಗಳಲ್ಲಿ ಎದ್ದ ಮನೆಗಳ ಬಣ್ಣ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬೀದಿಗೆ ಮುಖ ಮಾಡಿದ ಗೋಡೆಗೆ ಗಿಳಿಹಸಿರು, ನೇರಳೆ, ಕಡುಗುಲಾಬಿ, ಕಿತ್ತಳೆ. ಕಂಬಕ್ಕೊಂದು ಬಣ್ಣ, ಸಜ್ಜೆಯ ಅಂಚಿಗೆ ಇನ್ನೊಂದು. ಹೊಸ್ತಿಲು ದಾಟಿ ಒಳಗೆ ಬಂದರೆ, ಮನೆಮಂದಿಯೆಲ್ಲ ಕೂತು ಉಣ್ಣುವ, ಟಿ.ವಿ. ನೋಡುವ, ಮಕ್ಕಳು ಓದುವ, ಬಂದ ನೆಂಟರು ಚಾಪೆ ಹಾಸಿ ಮಲಗುವ ನಡುಮನೆಯಲ್ಲಿ ಮಾತ್ರ ಪೇಲವ ಬಣ್ಣ. ತೆಳು ನೀಲಿಯೋ ತೆಳು ಹಸಿರೋ ಡಿಸ್ಟೆಂಪರ್, ಅದರ ಮೇಲೆ ಬೆಳ್ಳಗೆ ಕೊರೆಯುವ ಎಲ್‌ಇಡಿ ಬೆಳಕು. ಬಣ್ಣಕ್ಕೆಂದು ಇಟ್ಟ ದುಡ್ಡಿನ ಬಹುಪಾಲು ದಾರಿಹೋಕರು ನೋಡುವ ಗೋಡೆಗೆ ಹೋಗುತ್ತದೆ, ಹಗಲೂ ರಾತ್ರಿ ಅಲ್ಲೇ ಬದುಕುವವರ ಪಾಲಿಗೆ ಮಿಕ್ಕಿದ್ದು ಬರುತ್ತದೆ. ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಬಿಸಿಲು ಹೊಡೆಯುವ ತಾರಸಿ ಮತ್ತು ಹೊರಗೋಡೆ ಬೆಳ್ಳಗಿರಬೇಕು. ಕೆಮ್ಮಣ್ಣಿನ, ಅರಿಶಿನದ, ಹುಣಸೆಹಣ್ಣಿನ ತುಂಬು ಬಣ್ಣಗಳು ನಡುಮನೆಗೆ ಬರಬೇಕು. ಇದು ಬರೀ ಅಂದಚೆಂದದ ಪ್ರಶ್ನೆಯಲ್ಲ. ಈ ಸೀಮೆಯ ಬಿಸಿಲು, ಮಣ್ಣು, ಗೋಡೆ ಮತ್ತು ಇಲ್ಲಿಯವರ ಸಂಜೆಯ ಬದುಕು ಎಲ್ಲವೂ ಅದನ್ನೇ ಹೇಳುತ್ತಿವೆ.

ಮೊದಲು ಹೊರಗಿನ ಮಾತು. ಪಾವಗಡದ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ನಿಂತಿದೆ. ಮಳೆ ಕಡಿಮೆ, ಮೋಡವಿಲ್ಲದ ದಿನ ಹೆಚ್ಚು ಎಂಬ ಕಾರಣಕ್ಕೇ ಆ ನೆಲ ಅದಕ್ಕೆ ಒಗ್ಗಿತು. ವಿದ್ಯುತ್ತಿನ ಲೆಕ್ಕದಲ್ಲಿ ವರವಾದ ಅದೇ ಬಿಸಿಲು ಪಕ್ಕದ ಊರಿನ ತಾರಸಿಯ ಮೇಲೂ ಬೀಳುತ್ತದೆ. ಬಣ್ಣ ಕಾಣದ ಕಾಂಕ್ರೀಟ್ ತಾರಸಿ ತನ್ನ ಮೇಲೆ ಬಿದ್ದ ಬಿಸಿಲಿನ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲನ್ನು ಹೀರಿಕೊಂಡು, ಸಂಜೆಯಾದ ಮೇಲೆ ಅದನ್ನು ಕೆಳಗಿನ ಕೋಣೆಗೆ ಇಳಿಸುತ್ತದೆ. ರಾತ್ರಿ ಹತ್ತಾದರೂ ಫ್ಯಾನು ಬಿಸಿಗಾಳಿ ಬೀಸುವುದು ಇದರಿಂದಲೇ. ಹೊಸದಾಗಿ ಬಳಿದ ಸುಣ್ಣ ಅದೇ ಬಿಸಿಲಿನ ಬಹುಪಾಲನ್ನು ಆಕಾಶಕ್ಕೇ ಹಿಂದಿರುಗಿಸುತ್ತದೆ. ಬೆಳ್ಳನೆಯ ತಾರಸಿಯ ಕೆಳಗಿನ ಕೋಣೆ ಸಾಮಾನ್ಯವಾಗಿ 2ರಿಂದ 5 ಡಿಗ್ರಿಯಷ್ಟು ತಂಪಾಗಿರುತ್ತದೆ ಎಂಬ ಅಂದಾಜಿನ ಮೇಲೆಯೇ ನೆರೆಯ ತೆಲಂಗಾಣ 2023ರಲ್ಲಿ ತಂಪು ತಾರಸಿಗಾಗಿ ಪ್ರತ್ಯೇಕ ನೀತಿಯನ್ನು ತಂದಿತು. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯ ಕಥೆಯೂ ಇದೇ. ಮಧ್ಯಾಹ್ನದ ಬಿಸಿಲನ್ನು ನೇರವಾಗಿ ಹೊರುವ ಆ ಗೋಡೆಗೆ ಕಡು ನೇರಳೆ ಬಳಿದವರು ಬೀದಿಯ ಮೆಚ್ಚುಗೆಗಾಗಿ ತಮ್ಮ ರಾತ್ರಿಯ ನಿದ್ದೆಯನ್ನು ಕೊಡುತ್ತಿದ್ದಾರೆ. ಇದರ ಜೊತೆಗೆ ಸುಡುಬಿಸಿಲಿಗೆ ಗಾಢ ಬಣ್ಣಗಳು ಬಲುಬೇಗ ಮಾಸುತ್ತವೆ. ಮೂರು ಬೇಸಿಗೆ ಕಂಡ ಕಡುಗುಲಾಬಿಯ ಗತಿ ಏನೆಂದು ಯಾವ ಪೇಂಟರನ್ನು ಕೇಳಿದರೂ ಹೇಳುತ್ತಾನೆ.

ಹಾಗಾದರೆ ಒಳಗೆ ಕೆಂಪು ಬಳಿದರೆ ಸೆಕೆ ಹೆಚ್ಚುವುದಿಲ್ಲವೇ? ಈ ಮಾತಿಗೆ ಬರುವ ಮೊದಲ ಆಕ್ಷೇಪ ಇದೇ. ಏಪ್ರಿಲ್ ತಿಂಗಳಲ್ಲಿ ಪಾದರಸ 40ರ ಹತ್ತಿರ ಸುಳಿದಾಡುವ ಊರಿನಲ್ಲಿ ಅದು ಸಹಜವೂ ಹೌದು. ಆದರೆ ಕಣ್ಣಿಗೆ ಬೆಚ್ಚಗೆ ಕಾಣುವುದು ಬೇರೆ, ಮೈ ಬೆವರುವುದು ಬೇರೆ. ಬಣ್ಣದಿಂದ ಗೋಡೆ ಕಾಯುವುದು ನೇರ ಬಿಸಿಲು ಬಿದ್ದಾಗ. ಒಳಗೋಡೆಗೆ ಬಿಸಿಲು ಬೀಳುವುದೇ ಅಪರೂಪ. ಕಾದ ತಾರಸಿ ಒಳಕ್ಕೆ ಸೂಸುವ ಕಾವು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳ ರೂಪದಲ್ಲಿ ಬರುತ್ತದೆ. ಆ ಕಿರಣಗಳ ಮಟ್ಟಿಗೆ ಬಿಳಿ ಸುಣ್ಣವೂ ಕೆಂಪು ಮಣ್ಣೂ ಹೆಚ್ಚುಕಡಿಮೆ ಒಂದೇ, ಎರಡೂ ಅವನ್ನು ಸರಿಸುಮಾರು ಒಂದೇ ಪ್ರಮಾಣದಲ್ಲಿ ಹೀರಿ ಬಿಡುತ್ತವೆ. ಕೆಂಪು ಕೋಣೆಯಲ್ಲಿ ಕೂತವರಿಗೆ ಸೆಕೆ ಹೆಚ್ಚಾಗಿ ತೋರುತ್ತದೆಯೇ ಎಂದು ವಿಜ್ಞಾನಿಗಳು ದಶಕಗಳಿಂದ ಪ್ರಯೋಗ ಮಾಡಿ ನೋಡಿದ್ದಾರೆ. ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ, ಕಂಡ ವ್ಯತ್ಯಾಸವೂ ಅಲ್ಪ. ಆದ್ದರಿಂದ ಮನೆ ತಂಪಾಗಬೇಕು ಎನ್ನುವವರು ಒಳಗಿನ ಬಣ್ಣಕ್ಕೆ ಹೆದರಬೇಕಿಲ್ಲ. ಅವರು ನೋಡಿಕೊಳ್ಳಬೇಕಾದದ್ದು ತಾರಸಿ, ಪಶ್ಚಿಮದ ಗೋಡೆ, ಎದುರುಬದುರಿನ ಕಿಟಕಿ ಈ ಮೂರನ್ನು. ಇಷ್ಟನ್ನು ಸರಿಮಾಡಿಕೊಂಡರೆ ನಡುಮನೆಗೆ ಯಾವ ಬಣ್ಣ ಬೇಕೆಂಬುದನ್ನು ಕಣ್ಣಿನ ಮತ್ತು ಮನಸ್ಸಿನ ಹಿತ ನೋಡಿ ಆರಿಸಿಕೊಳ್ಳುವ ಸ್ವಾತಂತ್ರ್ಯ ತಾನಾಗಿ ಸಿಗುತ್ತದೆ.

ಆ ಹಿತ ತುಂಬು ಬಣ್ಣದ ಕಡೆಗೇ ವಾಲುತ್ತದೆ. ಬಯಲುಸೀಮೆಯ ಹಗಲು ಕಣ್ಣು ಕುಕ್ಕುವ ಬೆಳಕಿನ ಹಗಲು. ಬಂಡೆ, ಬರಡು ಹೊಲ, ಡಾಂಬರು ರಸ್ತೆ, ತಗಡಿನ ಚಾವಣಿ ಎಲ್ಲವೂ ಬಿಸಿಲನ್ನು ಮುಖಕ್ಕೇ ಎರಚುತ್ತವೆ. ಹೊಲದಿಂದ, ಸಂತೆಯಿಂದ, ಗಾರ್ಮೆಂಟ್ಸಿನಿಂದ ಮನೆಗೆ ಬಂದವರ ಕಣ್ಣಿಗೆ ಬೇಕಾದದ್ದು ಇನ್ನೊಂದು ಹೊಳೆಯುವ ಬಿಳಿ ಗೋಡೆಯಲ್ಲ, ಬೆಳಕನ್ನು ಕೊಂಚ ತಡೆದು ಮೆತ್ತಗೆ ಮಾಡಿ ಕೊಡುವ ಗೋಡೆ. ಮನೆಯವರೆಲ್ಲ ನಡುಮನೆಯಲ್ಲಿ ಒಟ್ಟಿಗೆ ಸೇರುವುದು ದೀಪ ಹಚ್ಚಿದ ಮೇಲೆ, ಆಗ ಗೋಡೆಯ ಬಣ್ಣವನ್ನು ನಿರ್ಧರಿಸುವುದು ಬಲ್ಬು. ಹಿಂದೆ ಈ ಕಡೆ ಮನೆಗಳಲ್ಲಿ ಉರಿದ ಹರಳೆಣ್ಣೆ ದೀಪದ ಬೆಳಕಿನಲ್ಲಿ ಕೆಂಪು ಹಳದಿಯೇ ಹೆಚ್ಚು, ಕೆಮ್ಮಣ್ಣಿನ ಗೋಡೆ ಅದರಲ್ಲಿ ಜೀವ ತಳೆಯುತ್ತಿತ್ತು. ಈಗ ಮನೆಮನೆಗೂ ಬಂದಿರುವ ಎಲ್‌ಇಡಿಗಳಲ್ಲಿ ಹೆಚ್ಚಿನವು 6,500 ಕೆಲ್ವಿನ್‌ನ ನೀಲಿ ಛಾಯೆಯ ಬಿಳಿ ಬೆಳಕು ಕೊಡುವಂಥವು. 2015ರಲ್ಲಿ ಶುರುವಾದ ಉಜಾಲಾ ಯೋಜನೆಯಿಂದ ಕರೆಂಟ್ ಬಿಲ್ಲು ಇಳಿಯಿತು, ಅದು ಒಳ್ಳೆಯದೇ. ಆದರೆ ಇಂಥ ಬೆಳಕು ತೆಳುನೀಲಿ ಗೋಡೆಗೆ ಬಿದ್ದಾಗ ಮನೆಗೆ ಆಸ್ಪತ್ರೆಯ ವಾರ್ಡಿನ ಕಳೆ ಬರುತ್ತದೆ. ಅಷ್ಟೇ ವ್ಯಾಟಿನ, ಹೆಚ್ಚುಕಡಿಮೆ ಅಷ್ಟೇ ಬೆಲೆಯ, 2,700ರಿಂದ 3,000 ಕೆಲ್ವಿನ್‌ನ ವಾರ್ಮ್ ವೈಟ್ ಬಲ್ಬು ಅದೇ ಅಂಗಡಿಯಲ್ಲಿ ಸಿಗುತ್ತದೆ. ಗೋಡೆಯ ಬಣ್ಣ ಬದಲಿಸುವವರು ಬಲ್ಬನ್ನೂ ಬದಲಿಸಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದರೆ ಕೆಂಪು ಗೋಡೆ ಮಂಕಾಗಿ ಕಂಡು, ತಪ್ಪೆಲ್ಲ ಬಣ್ಣದ ತಲೆಗೆ ಬರುತ್ತದೆ.

ಇದೇನೂ ಪೇಂಟ್ ಕಂಪನಿಗಳ ಕ್ಯಾಟಲಾಗಿನಿಂದ ತಂದ ಹೊಸ ವಿಚಾರವಲ್ಲ. ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಈ ನಾಲ್ಕೂ ತಾಲ್ಲೂಕುಗಳ ಹಳೆಯ ಮನೆಗಳಿಗೆ ಇದರ ಶಾಸ್ತ್ರ ಗೊತ್ತಿತ್ತು. ಕಬ್ಬಿಣದ ಅಂಶ ತುಂಬಿದ ಇಲ್ಲಿಯ ಕೆಂಪು ನೆಲದಲ್ಲೇ ಕೆಮ್ಮಣ್ಣು ಸಿಗುತ್ತಿತ್ತು, ಸಂತೆಯಲ್ಲಿ ಜಾಜು ಎಂಬ ಕೆಂಪು ಮಣ್ಣಿನ ಬಣ್ಣ ಸಿಗುತ್ತಿತ್ತು. ಯುಗಾದಿಗೋ ಗೌರಿಹಬ್ಬಕ್ಕೋ ಮಣ್ಣಿನ ಮಾಳಿಗೆಮನೆಯ ಗೋಡೆಯ ಮೇಲ್ಭಾಗಕ್ಕೆ ಸುಣ್ಣ ಬಳಿದು, ಕೆಳಗೆ ಕೂತವರ ಬೆನ್ನು ತಾಗುವ ಎತ್ತರದವರೆಗೆ ಕೆಮ್ಮಣ್ಣು ಸಾರಿಸಿ, ಎರಡರ ನಡುವೆ ಕಾರಣೆಯ ಗೆರೆ ಎಳೆಯುತ್ತಿದ್ದರು. ಇದರ ಹಿಂದೆ ಅಚ್ಚುಕಟ್ಟಾದ ಲೆಕ್ಕವಿದೆ. ಬೆನ್ನು, ಕೈ, ಮಕ್ಕಳ ಕಾಲು ತಾಗಿ ಕೊಳೆಯಾಗುವ ಭಾಗದಲ್ಲಿ ಕೊಳೆ ತೋರದ ಬಣ್ಣ, ಸಣ್ಣ ಕಿಟಕಿಯಿಂದ ಬಂದಷ್ಟು ಬೆಳಕನ್ನು ಕೋಣೆಗೆಲ್ಲ ಹಂಚಬೇಕಾದ ಮೇಲ್ಭಾಗದಲ್ಲಿ ಬಿಳಿ. ದೀಪದ ಗೂಡಿನ ಸುತ್ತ ಕೆಂಪು ಅಂಚು ಕಟ್ಟಿದರೆ ಮಸಿ ಎದ್ದು ಕಾಣುತ್ತಿರಲಿಲ್ಲ. ಸುಣ್ಣ ಕೆಮ್ಮಣ್ಣುಗಳ ಇದೇ ಜೋಡಿ ದೇವಸ್ಥಾನದ ಗೋಡೆಯ ಪಟ್ಟೆಗಳಲ್ಲಿ ಇವತ್ತಿಗೂ ಉಳಿದಿದೆ, ಹೊಸ್ತಿಲಿಗೆ ಸಾರಿಸುವ ಕೆಂಪಿನಲ್ಲಿ ಉಳಿದಿದೆ. ಕೆಂಪು ಉಗ್ರ ಬಣ್ಣ, ಮನೆಯೊಳಗೆ ಜಗಳ ತರುತ್ತದೆ ಎಂದು ಈಚೆಗೆ ಕೆಲವರು ವಾಸ್ತುವಿನ ಹೆಸರಿನಲ್ಲಿ ಹೆದರಿಸುತ್ತಾರೆ. ಹೊಸ್ತಿಲಿಗೂ ದೇವರ ಗೋಡೆಗೂ ಕೆಮ್ಮಣ್ಣನ್ನು ಮಂಗಳವೆಂದು ಬಳಿದುಕೊಂಡು ಬಂದ ಜನ ಆ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಇದು ಬಡವರ ಗುಡಿಸಲಿಗೆ ಮಾತ್ರ ಸೀಮಿತವಾದ ರೂಢಿಯೂ ಆಗಿರಲಿಲ್ಲ. ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯ ಬದಿಯ ಸೀಬಿಯಲ್ಲಿ ನರಸಿಂಹಸ್ವಾಮಿ ದೇವಾಲಯವಿದೆ. ಟಿಪ್ಪುವಿನ ಆಡಳಿತದಲ್ಲಿ ಅಧಿಕಾರಿಯಾಗಿದ್ದ ನಲ್ಲಪ್ಪ ಮತ್ತವನ ಸಹೋದರರು ಕಟ್ಟಿಸಿದ ಈ ದೇವಾಲಯದ ಹೊರಗಿನ ನೋಟ ಸಾದಾ. ಮುಖಮಂಟಪದೊಳಗೆ ಹೋಗಿ ತಲೆಯೆತ್ತಿದರೆ ಚಾವಣಿಯ ತುಂಬ ಕೆಂಪು, ಹಳದಿ, ಹಸಿರುಗಳಲ್ಲಿ ಸಾಲುಸಾಲು ಚಿತ್ರಗಳು. ಬಿಸಿಲು ಮಳೆ ನೇರವಾಗಿ ತಾಗದ್ದರಿಂದಲೇ ಅವು ಇನ್ನೂರು ವರ್ಷಕ್ಕೂ ಮೀರಿ ಗುರುತು ಸಿಗುವಂತೆ ಉಳಿದುಕೊಂಡಿವೆ. ಶಿರಾ 1687ರಿಂದ 1757ರವರೆಗೆ ಮೊಗಲರ ಸುಬೆಯ ರಾಜಧಾನಿ. ಅಲ್ಲಿ 1696ರಲ್ಲಿ ಎದ್ದ ಜುಮ್ಮಾ ಮಸೀದಿಯ ಕಲ್ಲುಕಟ್ಟಡ ಈಗಲೂ ನಿಂತಿದೆ. ಅಲ್ಲಿ ಸುಬೇದಾರನಾಗಿದ್ದ ದಿಲಾವರ್ ಖಾನನ ಅರಮನೆ ಮಾತ್ರ ಅಳಿದುಹೋಗಿದೆ. ಹೈದರ್ ಮತ್ತು ಟಿಪ್ಪು ಬೆಂಗಳೂರಿನಲ್ಲೂ ಶ್ರೀರಂಗಪಟ್ಟಣದಲ್ಲೂ ಕಟ್ಟಿಸಿದ ಅರಮನೆಗಳಿಗೆ ಅದೇ ಮಾದರಿಯಾಯಿತೆಂದು ಮೈಸೂರು ಗೆಜೆಟಿಯರಿನಲ್ಲಿ ರೈಸ್ ದಾಖಲಿಸಿದ್ದಾರೆ. ಅವುಗಳಲ್ಲಿ ಒಂದಾದ, ಶ್ರೀರಂಗಪಟ್ಟಣದ 1784ರ ದರಿಯಾ ದೌಲತ್ ಬಾಗಿನಲ್ಲಿ ಬಣ್ಣದ ಗೋಡೆಗಳಿಗೆ ನೆರಳು ಕೊಡಲೆಂದು ಸುತ್ತ ಅಗಲವಾದ ಪಡಸಾಲೆಯಿದೆ, ಅದರಾಚೆ ಬಿಸಿಲಿಗೆ ಪರದೆ ಇಳಿಬಿಟ್ಟಿದ್ದಾರೆ. ಬಣ್ಣವನ್ನು ಬಿಸಿಲಿಗೆ ಒಡ್ಡಬಾರದು, ನೆರಳಿನಲ್ಲಿಟ್ಟು ಅನುಭವಿಸಬೇಕು ಎಂಬ ತಿಳಿವಳಿಕೆ ಅರಮನೆಗೂ ಇತ್ತು, ಮಾಳಿಗೆಮನೆಗೂ ಇತ್ತು. ಹೊರನಾಡಿನಲ್ಲೂ ಬಿಸಿಲುನಾಡಿನವರು ಕಂಡುಕೊಂಡದ್ದು ಇದನ್ನೇ. ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಇಟಲಿಯ ಪಾಂಪೆಯಲ್ಲಿ ಮನೆಯವರು ಉಣ್ಣುತ್ತಿದ್ದ ಒಳಕೋಣೆಗಳ ಗೋಡೆಗಳಿಗೇ ಕಡುಗೆಂಪು ಬಣ್ಣ. ಸುಣ್ಣದ ಗಾರೆಯ ಮೇಲೆ ಕೂತ ಆ ಮಣ್ಣಿನ ಬಣ್ಣಗಳನ್ನು ಹತ್ತೊಂಬತ್ತು ಶತಮಾನಗಳ ನಂತರವೂ ನೋಡಬಹುದು.

ಹೀಗಿದ್ದದ್ದು ಹೊರಮಗ್ಗುಲಾದದ್ದೇಕೆ? ಮಣ್ಣುಗೋಡೆ ಹೋಗಿ ಇಟ್ಟಿಗೆ, ಸಿಮೆಂಟ್ ಬಂದಾಗ ಸಾರಣೆ ಕಾರಣೆಗಳು ಹಳ್ಳಿಗಮಾರತನದ, ಬಡತನದ ಗುರುತಾಗಿ ಕಂಡವು. ಬಾಲ್ಯದಲ್ಲಿ ಸಗಣಿ ಕೆಮ್ಮಣ್ಣು ಬಳಿದು ಬೆನ್ನು ನೋಯಿಸಿಕೊಂಡ ಹೆಣ್ಣುಮಕ್ಕಳು ಅದನ್ನು ಬಿಟ್ಟು ನಿಟ್ಟುಸಿರಿಟ್ಟರೆ ಅದರಲ್ಲಿ ತಪ್ಪೇನಿಲ್ಲ. ಪಕ್ಕಾ ಮನೆ ಕಟ್ಟಿದವನಿಗೆ ತನ್ನ ಏಳಿಗೆ ಊರಿಗೆ ಕಾಣಬೇಕೆಂಬ ಆಸೆಯೂ ಸಹಜ, ಅದಕ್ಕೆ ಬೀದಿಗೋಡೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಆ ಆಸೆಯನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ತಲೆಮಾರುಗಳ ಕಾಲ ಬಣ್ಣ ಬಳಿಯುವ ಯೋಗ್ಯತೆಯೇ ನಿಮಗಿಲ್ಲ ಎನ್ನಿಸಿಕೊಂಡ ಕೇರಿಗಳ ಜನ ತಮ್ಮ ಮನೆಯ ಮುಂಭಾಗಕ್ಕೆ ಇಷ್ಟಬಂದ ಬಣ್ಣ ಹಾಕಿ ನಿಲ್ಲಿಸಿದ್ದರೆ ಅದಕ್ಕೆ ಗೌರವವಿದೆ. ನಾನು ಕೇಳುವುದಿಷ್ಟೇ. ಆ ಗೌರವ ಬೀದಿಯಲ್ಲಿ ನಿಂತುಹೋಗದೆ ಒಳಗೂ ಬರಲಿ. ಹೊರಗೋಡೆ ಬೆಳ್ಳಗಿದ್ದು, ಬಾಗಿಲು, ಕಿಟಕಿ, ಜಗಲಿಯ ಅಂಚು, ಕಂಬದ ಬುಡಗಳಿಗೆ ಗಾಢ ಬಣ್ಣ ಬಂದರೂ ಮನೆ ಎದ್ದು ಕಾಣುತ್ತದೆ. ಉಳಿದ ದುಡ್ಡಿನಲ್ಲಿ ನಡುಮನೆ ಮನೆಯವರಿಗೆ ಇಷ್ಟವಾಗುವಂತೆ ಆಗುತ್ತದೆ. ಹೊರಗಿನವರು ಮೆಚ್ಚಲೆಂದೇ ಕಟ್ಟಿದ ಮನೆಯಲ್ಲಿ ಒಳಗಿನವರು ಮೊಬೈಲು ಹಿಡಿದು ಒಬ್ಬೊಬ್ಬರು ಒಂದೊಂದು ಮೂಲೆ ಸೇರುತ್ತಾರೆ. ಎಲ್ಲರನ್ನೂ ಒಂದೆಡೆ ಕೂರಿಸುವ ಶಕ್ತಿ ಗೋಡೆಯ ಬಣ್ಣವೊಂದಕ್ಕೇ ಇದೆ ಎನ್ನಲಾಗದು. ಆದರೆ ಕೂರಬೇಕೆನಿಸುವ ಕೋಣೆಯೇ ಮನೆಯಲ್ಲಿಲ್ಲದಿದ್ದರೆ ಕೂತು ಮಾತಾಡಿ ಎಂದು ಹೇಳಿ ಪ್ರಯೋಜನವಿಲ್ಲ.

ಮಾಡುವ ಕ್ರಮವನ್ನು ಹತ್ತಿರದಿಂದ ನೋಡೋಣ. ಹೊಸ ಗಾರೆಯ ಗೋಡೆಗೆ, ಇಲ್ಲವೇ ಈವರೆಗೆ ಸುಣ್ಣವನ್ನಷ್ಟೇ ಕಂಡ ಗೋಡೆಗೆ ಸುಣ್ಣ ಜಾಜುಗಳ ಮಿಶ್ರಣದಷ್ಟು ಅಗ್ಗದ, ಸೊಗಸಾದ ಬಣ್ಣ ಇನ್ನೊಂದಿಲ್ಲ. ಸುಟ್ಟ ಸುಣ್ಣದ ಹರಳನ್ನು ನೀರಿಗೆ ಹಾಕಿದಾಗ ಅದು ಕುದಿದು ಸಿಡಿಯುತ್ತದೆ, ಆದ್ದರಿಂದ ಮಕ್ಕಳನ್ನು ದೂರವಿಟ್ಟು, ಕಣ್ಣಿಗೆ ಕನ್ನಡಕ, ಕೈಗೆ ಗವಸು ಹಾಕಿಕೊಂಡೇ ಈ ಕೆಲಸ ಮಾಡಬೇಕು. ಕೆಲವು ದಿನ ನೆನೆದ ಸುಣ್ಣವನ್ನು ಹಳೇ ಪಂಚೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಕದಡಿ, ಜರಡಿ ಹಿಡಿದ ಜಾಜಿನ ಪುಡಿಯನ್ನು ಬೇರೆ ಪಾತ್ರೆಯಲ್ಲಿ ನೀರಿನಲ್ಲಿ ಕಲಸಿಟ್ಟುಕೊಂಡು ಆಮೇಲೆ ಬೆರೆಸಬೇಕು. ಸುಣ್ಣದ ತೂಕದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಜಾಜು ಬೆರೆಸಿದರೆ ಸುಣ್ಣಕ್ಕೆ ಅದನ್ನು ಹಿಡಿದಿಡಲಾಗದೆ, ಒರಗಿದವರ ಬಟ್ಟೆಗೆ ಬಣ್ಣ ಹತ್ತುತ್ತದೆ. ಗೋಡೆಗೆ ನೀರು ಚಿಮುಕಿಸಿ, ಕತ್ತಾಳೆ ನಾರಿನ ಕುಂಚದಿಂದ ತೆಳುವಾಗಿ ಮೂರು ಕೈ ಹೊಡೆಯಬೇಕು, ಒಂದು ಒಣಗಿದ ಮೇಲೆ ಇನ್ನೊಂದು. ಹಸಿಯಿದ್ದಾಗ ಕಡುಗೆಂಪಾಗಿ ಕಾಣುವುದು ಒಣಗಿದಾಗ ಹಳೆಯ ಹೆಂಚಿನ ಬಣ್ಣಕ್ಕೆ ಇಳಿಯುತ್ತದೆ, ಆದ್ದರಿಂದ ಮೂಲೆಯಲ್ಲಿ ಮೊಳದಷ್ಟು ಜಾಗಕ್ಕೆ ಬಳಿದು ಒಂದು ದಿನ ಬಿಟ್ಟು ನೋಡಿಯೇ ಮುಂದುವರಿಯಬೇಕು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣ ಮತ್ತೆ ಕಲ್ಲಾಗುವಾಗ ಜಾಜಿನ ಕಣಗಳನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಗೋಡೆಯ ಉಸಿರೂ ಕಟ್ಟುವುದಿಲ್ಲ. ಹಳೆಯ ಕಲ್ಲು ಮಣ್ಣಿನ ಗೋಡೆಗಳಲ್ಲಿ, ಉಪ್ಪುನೀರು ಕುಡಿದ ಗಾರೆಯಲ್ಲಿ, ಪ್ಲಾಸ್ಟಿಕ್ ಎಮಲ್ಷನ್ ಬಳಿದ ಬುಡ ಎರಡು ಮಳೆಗಾಲಕ್ಕೆ ಗುಳ್ಳೆಯೆದ್ದು ಉದುರುವುದೂ, ಸುಣ್ಣದ ಗೋಡೆ ಹಾಗೆ ಉದುರದಿರುವುದೂ ಈ ಕಾರಣಕ್ಕೇ.

ಕೋಣೆ ಚಿಕ್ಕದು, ಗಾಢ ಬಣ್ಣ ಬಳಿದರೆ ಇನ್ನೂ ಕಿರಿದಾಗಿ, ಕತ್ತಲಾಗಿ ಕಾಣುವುದಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಹುರುಳಿದೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮನೆಯ ಕನಿಷ್ಠ ಅಳತೆ ಅಡುಗೆಯ ಜಾಗವೂ ಸೇರಿ 25 ಚದರ ಮೀಟರ್. ಅಂಥ ಮನೆಯಲ್ಲಿ ನಾಲ್ಕೂ ಗೋಡೆಗೆ ಸೂರಿನವರೆಗೆ ಕಡುಗೆಂಪು ಬಳಿದರೆ ಅದು ಗುಹೆಯಾಗುತ್ತದೆ. ಸುಣ್ಣದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಕೋಣೆಗೆ ಮರಳಿಸಿದರೆ, ಹೆಂಚಿನ ಬಣ್ಣದ ಗೋಡೆ ಐದರಲ್ಲಿ ಒಂದು ಪಾಲನ್ನಷ್ಟೇ ಮರಳಿಸುತ್ತದೆ. ಹಳೆಯ ಮನೆಗಳ ಕ್ರಮ ಇಲ್ಲಿ ನೆರವಿಗೆ ಬರುತ್ತದೆ. ಚಾವಣಿ ಮತ್ತು ಗೋಡೆಯ ಮೇಲಿನ ಮೂರನೇ ಎರಡು ಪಾಲು ಕೆನೆಬಿಳಿ, ಕೆಳಗಿನ ಮೂರನೇ ಒಂದು ಪಾಲು ಕೆಮ್ಮಣ್ಣು. ಕಿಟಕಿಯಿಂದ, ಬಲ್ಬಿನಿಂದ ಬರುವ ಬೆಳಕು ಹಂಚಿಹೋಗುವುದು ಬಹುಮಟ್ಟಿಗೆ ಮೇಲಿನ ಭಾಗದಿಂದಲೇ, ಆದ್ದರಿಂದ ಕೋಣೆ ಕತ್ತಲಾಗುವುದಿಲ್ಲ. ನೆಲದ ಮೇಲೆ ಕೂತು ಉಣ್ಣುವವರ, ಓದುವ ಮಕ್ಕಳ ಕಣ್ಣಿನ ಮಟ್ಟದಲ್ಲಿ ತುಂಬು ಬಣ್ಣ ಇರುತ್ತದೆ. ಕಿಟಕಿ ಇರುವ ಗೋಡೆಯನ್ನು ಬೆಳ್ಳಗೇ ಬಿಟ್ಟು, ಅದರ ಎದುರಿನ ಒಂದೇ ಗೋಡೆಗೆ ಪೂರ್ತಿ ಬಣ್ಣ ಕೊಡುವುದು ಇನ್ನೊಂದು ದಾರಿ. ಕೊರಟಗೆರೆ ಕಡೆಯ ತೋಟದ ಮನೆಗಳಂತೆ ಮರದ ನೆರಳಿಗೆ ಮೊದಲೇ ಬೆಳಕು ಕಡಿಮೆಯಿದ್ದರೆ ಕೆಂಪನ್ನು ಬಿಟ್ಟು ಅರಿಶಿನ ಮಣ್ಣಿನ ಹಳದಿಗೆ ಹೋಗುವುದು ಜಾಣತನ. ಅದು ಬೆಚ್ಚಗೂ ಇರುತ್ತದೆ, ಬೆಳಕನ್ನೂ ಅಷ್ಟಾಗಿ ನುಂಗುವುದಿಲ್ಲ. ಪಾವಗಡದ ಬಯಲಿನ ಮನೆಗೆ, ಮಧುಗಿರಿ ಬೆಟ್ಟದ ಬಂಡೆಯ ಕೆಳಗೆ ಬಿಸಿಲು ಪ್ರತಿಫಲಿಸುವ ಬೀದಿಗಳ ಮನೆಗೆ, ಹೆಂಚುಗೆಂಪು, ಹುಣಸೆಗಂದು ಚೆನ್ನಾಗಿ ಒಗ್ಗುತ್ತವೆ. ಕುರುಬರು ನೇಯ್ದ ಒಂದು ಕರಿ ಕಂಬಳಿಯನ್ನು ಅಂಥ ಗೋಡೆಯ ಬುಡದಲ್ಲಿ ಹಾಸಿದರೆ ಸಾಕು, ಬೇರೆ ಅಲಂಕಾರವೇ ಬೇಡ.

ಸುಣ್ಣ ಕೆಮ್ಮಣ್ಣು ಅಂದರೆ ಮತ್ತೆ ಹೆಂಗಸರ ತಲೆಗೆ ಕೆಲಸ ಕಟ್ಟುವುದಲ್ಲವೇ? ಈ ಆಕ್ಷೇಪವನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಹಳೆಯ ಸಾರಣೆಯ ಸೊಗಸನ್ನು ಹೊಗಳುವ ಬಹಳಷ್ಟು ಬರಹಗಳು ಅದರ ಹಿಂದಿನ ದುಡಿಮೆಯ ಸುದ್ದಿಯನ್ನೇ ಎತ್ತುವುದಿಲ್ಲ. ವಾರವಾರವೂ ನೆಲ ಸಾರಿಸುವ, ಹಬ್ಬಹಬ್ಬಕ್ಕೂ ಗೋಡೆ ಬಳಿಯುವ ಕಾಲಕ್ಕೆ ಮರಳಬೇಕೆಂದು ಯಾರೂ ಹೇಳಬಾರದು. ಇಲ್ಲಿ ಹೇಳುತ್ತಿರುವುದು ಬೇರೆ. ಮಣ್ಣುಗೋಡೆಯ ಸಾರಣೆ ಉದುರುತ್ತಿತ್ತು, ಗಾರೆಯ ಗೋಡೆಗೆ ಸರಿಯಾಗಿ ಕೂತ ಸುಣ್ಣದ ಬಣ್ಣ ಒಳಗೆ ಕೆಲವು ವರ್ಷ ಬಾಳುತ್ತದೆ, ಮಾಸಿದ ಕಡೆ ಮತ್ತೊಂದು ಕೈ ಹೊಡೆದರೆ ಮುಗಿಯಿತು. ಅದನ್ನು ಹೊಡೆಯಬೇಕಾದವರು ಮನೆಯ ಗಂಡಸರೂ ಹೌದು, ಕೂಲಿ ಪಡೆಯುವ ಪೇಂಟರೂ ಹೌದು. ಜೊತೆಗೆ, ಬಣ್ಣದ ಆಯ್ಕೆ ಮನೆಯಲ್ಲಿ ಹೆಚ್ಚು ಹೊತ್ತು ಇರುವವರ ಕೈಯಲ್ಲಿರಬೇಕು. ಮೇಸ್ತ್ರಿ ಮತ್ತು ಯಜಮಾನ ಇಬ್ಬರೇ ಅಂಗಡಿಯಲ್ಲಿ ನಿಂತು ಶೇಡ್ ಕಾರ್ಡ್ ನೋಡಿ ಮುಗಿಸುವ ವ್ಯವಹಾರ ಅದಾಗಬಾರದು. ಬೀದಿಗೋಡೆಗೆ ಬಣ್ಣ ಹೆಚ್ಚಾಗಿ ನಡುಮನೆ ಪೇಲವವಾಗಲು ಈ ತೀರ್ಮಾನ ಯಾರ ಕೈಯಲ್ಲಿತ್ತು ಎಂಬುದೂ ಒಂದು ಕಾರಣವಿದ್ದೀತು.

ಸುಣ್ಣದ ತಂಟೆಯೇ ಬೇಡ, ಅಂಗಡಿಯ ಡಬ್ಬ ಸಾಕು ಎನ್ನುವವರೂ ಇದ್ದಾರೆ. ಈಗಾಗಲೇ ಎಮಲ್ಷನ್ ಅಥವಾ ಆಯಿಲ್ ಪೇಂಟ್ ಕಂಡ ಗೋಡೆಗೆ ಸುಣ್ಣ ಹಿಡಿಯುವುದೂ ಇಲ್ಲ. ಅಂಥ ಮನೆಗಳವರು ಹೊಳಪಿಲ್ಲದ ಎಮಲ್ಷನ್ನಿನಲ್ಲೇ ಹೆಂಚುಗೆಂಪು, ಕಾವಿಹಳದಿ ಆರಿಸಿಕೊಳ್ಳಬಹುದು. ಆದರೆ ಬೆಚ್ಚನೆಯ ಬಣ್ಣಗಳ ವಿಷಯದಲ್ಲೇ ಒಂದು ಎಚ್ಚರ ಅಗತ್ಯ. ದಶಕಗಳ ಕಾಲ ಪೇಂಟಿಗೆ ಹೊಳೆಯುವ ಹಳದಿ, ಕಿತ್ತಳೆ, ಕೆಂಪು ಬಂದದ್ದು ಬಹುಮಟ್ಟಿಗೆ ಸೀಸದ ಸಂಯುಕ್ತಗಳಿಂದ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಮಾಡುವ ಹಾನಿಯ ಬಗ್ಗೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ವರ್ಷಾನುಗಟ್ಟಲೆ ದೇಶವನ್ನು ಎಚ್ಚರಿಸುತ್ತ ಬಂದರು. ಕೊನೆಗೆ 2016ರಲ್ಲಿ ನಿಯಮ ಬಂದು, 2017ರ ನವೆಂಬರ್ 1ರಿಂದ ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಮಿತಿ ಜಾರಿಯಾಯಿತು. ಆ ವಿವರ ಡಬ್ಬದ ಮೇಲೆ ನಮೂದಾಗಿರಬೇಕು. ನಮೂದಿಲ್ಲದ ಡಬ್ಬವನ್ನು ಬೆಲೆ ಕಡಿಮೆಯೆಂದು ಮನೆಗೆ ತರಬಾರದು. ಹಳೆಯ ಆಯಿಲ್ ಪೇಂಟನ್ನು ಒಣ ಉಪ್ಪುಕಾಗದದಿಂದ ಉಜ್ಜಿ ಧೂಳೆಬ್ಬಿಸಬಾರದು, ನೀರು ಹಚ್ಚಿ ಉಜ್ಜಿ, ಆ ಕೆಲಸ ಮುಗಿಯುವವರೆಗೆ ಮಕ್ಕಳನ್ನೂ ಬಸುರಿಯರನ್ನೂ ಬೇರೆಡೆ ಇರಿಸಬೇಕು. ಜಾಜಿನ ಕೆಂಪು ಕಬ್ಬಿಣದ ಆಕ್ಸೈಡಿನದು, ಅದರಲ್ಲಿ ಈ ಬಗೆಯ ಭಯವಿಲ್ಲ. ಹಳೆಯ ಮಣ್ಣಿನ ಬಣ್ಣ ಡಬ್ಬದ ಎಷ್ಟೋ ಗಾಢ ಬಣ್ಣಗಳಿಗಿಂತ ಬಿಸಿಲಿಗೆ ಹೆಚ್ಚು ತಾಳುತ್ತದೆ, ಮಕ್ಕಳಿಗೂ ಅಪಾಯ ಕಡಿಮೆ ಎಂಬುದು ಅಭಿಮಾನದ ಮಾತಲ್ಲ, ರಸಾಯನಶಾಸ್ತ್ರದ ಮಾತು.

ಕೊನೆಯದಾಗಿ, ಮನೆಯೊಳಗಿನ ಬಣ್ಣ ಅವರವರ ಇಷ್ಟ, ಇದರಲ್ಲಿ ಊರಿನವರಿಗೇನು ಕೆಲಸ ಎಂದು ಕೇಳಬಹುದು. ಇಷ್ಟ ಅವರವರದೇ. ಆದರೆ ಇಷ್ಟಪಡಲು ಎದುರಿಗೆ ಏನಿದೆ ಎಂಬುದು ಸಾರ್ವಜನಿಕ ವಿಷಯ. ಈ ತಾಲ್ಲೂಕುಗಳಲ್ಲಿ ಪ್ರತಿವರ್ಷ ವಸತಿ ಯೋಜನೆಗಳಡಿ ಮನೆಗಳು ಏಳುತ್ತಲೇ ಇವೆ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಕಡತಕ್ಕೆ ಬೇಕಾದದ್ದು ತಳಪಾಯ, ಗೋಡೆ, ಚಾವಣಿಗಳ ಹಂತಹಂತದ ಫೋಟೋ. ಬಣ್ಣದ ಹೊತ್ತಿಗೆ ಫಲಾನುಭವಿಯ ಕೈ ಬರಿದಾಗಿರುತ್ತದೆ, ಸಾಲ ಮಾಡಿ ಬೀದಿಗೋಡೆಗೆ ಒಂದು ಬಣ್ಣ ಹೊಡೆಸಿದರೆ ಒಳಗೆ ಸಿಮೆಂಟಿನ ಬೂದು ಹಾಗೇ ಉಳಿಯುತ್ತದೆ. ಕೊನೆಯ ಕಂತಿನ ಜೊತೆಗೆ ತಾರಸಿಗೆ ಬೇಕಾಗುವಷ್ಟು ಸುಣ್ಣ, ಒಂದು ಕೋಣೆಗೆ ಬೇಕಾಗುವಷ್ಟು ಜಾಜು, ಎರಡು ವಾರ್ಮ್ ವೈಟ್ ಬಲ್ಬು, ಬಳಿಯುವ ಕ್ರಮವನ್ನು ಕನ್ನಡದಲ್ಲಿ ವಿವರಿಸುವ ಒಂದು ಹಾಳೆ ಕೊಡುವುದಕ್ಕೆ ಸರ್ಕಾರದ ಬೊಕ್ಕಸ ಬರಿದಾಗುವುದಿಲ್ಲ. ತೆಲುಗು ಮನೆಮಾತಾಗಿರುವ ಪಾವಗಡದ ಗಡಿಹಳ್ಳಿಗಳಿಗೆ ಆ ಹಾಳೆ ತೆಲುಗಿನಲ್ಲೂ ಬರಲಿ. ನಿರ್ಮಿತಿ ಕೇಂದ್ರ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಒಂದು ಅಂಗನವಾಡಿಯನ್ನು ಹೀಗೆ ಮಾಡಿ ತೋರಿಸಲಿ. ತಾರಸಿ ಬಿಳಿ, ಒಳಗೆ ಮಕ್ಕಳ ಎತ್ತರಕ್ಕೆ ಕೆಮ್ಮಣ್ಣು, ಮೇಲೆ ಕೆನೆಬಿಳಿ. ಅದರ ಪಕ್ಕದಲ್ಲೇ ಮಾಮೂಲಿ ಬಣ್ಣದ ಇನ್ನೊಂದು ಅಂಗನವಾಡಿ ಇರಲಿ. ಏಪ್ರಿಲ್‌ನ ಒಂದು ಮಧ್ಯಾಹ್ನ ಎರಡರೊಳಗೂ ಉಷ್ಣಮಾಪಕ ತೂಗುಹಾಕಿ, ಊರಿನವರನ್ನು ಕರೆದು ಕೂರಿಸಿದರೆ ನನ್ನ ವಾದ ಸರಿಯೋ ತಪ್ಪೋ ಎಂಬುದನ್ನು ಅವರೇ ಹೇಳುತ್ತಾರೆ.

ಅಲ್ಲಿಯವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಈ ವರ್ಷ ಮನೆಗೆ ಬಣ್ಣ ಹೊಡೆಸಬೇಕೆಂದಿರುವವರು ಖರ್ಚಿನ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಹೀಗೆ ಬರೆದುಕೊಂಡರೆ ಸಾಕು. ಮೊದಲು ತಾರಸಿಗೆ ಸುಣ್ಣ, ಆಮೇಲೆ ಪಶ್ಚಿಮದ ಗೋಡೆಗೆ ಬಿಳಿ, ಅದಾದ ಮೇಲೆ ನಡುಮನೆಗೆ ಕೆಮ್ಮಣ್ಣು ಮತ್ತು ಒಳ್ಳೆಯ ಬಲ್ಬು, ಮಿಕ್ಕಿದ ಹಣದಲ್ಲಿ ಬೀದಿಯ ಕಡೆಯ ಅಂಚುಗಳು. ಹೀಗೆ ಮಾಡಿದರೆ ಹಗಲಿನ ಕಾವು ಇಳಿಯುತ್ತದೆ, ಸಂಜೆ ಮನೆಯವರು ಕೂರುವ ಕೋಣೆಗೆ ಕಳೆ ಬರುತ್ತದೆ, ಡಿಸೆಂಬರಿನ ಚಳಿಯ ರಾತ್ರಿಗಳಲ್ಲಿ ಅದೇ ಕೋಣೆ ಕಣ್ಣಿಗೆ ಬೆಚ್ಚಗಿರುತ್ತದೆ, ಖರ್ಚೂ ಈಗ ಆಗುವುದಕ್ಕಿಂತ ಹೆಚ್ಚಾಗುವುದಿಲ್ಲ. ಮನೆ ಕಟ್ಟಲು ಬದುಕಿನ ಅರ್ಧ ದುಡಿಮೆ ಸುರಿದವರಿಗೆ ಆ ಮನೆಯ ಅತಿ ಚೆಂದದ ಗೋಡೆಯನ್ನು ನೋಡಿಕೊಂಡು ಊಟ ಮಾಡುವ ಹಕ್ಕಿದೆ. ಆ ಗೋಡೆ ಬೀದಿಯಲ್ಲಿ ನಿಲ್ಲಬಾರದು, ಅವರ ಎದುರಿಗೆ, ನಡುಮನೆಯಲ್ಲೇ ಇರಬೇಕು.